ಉದ್ಯೋಗ ಸಂದರ್ಶನವೆಂಬ ಅಳತೆ

ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುತ್ತದೆ. ಸಂಗಮದ ಎಡೆಯಲ್ಲಿಯೇ ಬಸವಣ್ಣನವರ ಐಕ್ಯಸ್ಥಳವಿದೆ. ನದಿಯ ಕೆಳಭಾಗದಲ್ಲಿ, ನಾರಾಯಣಪುರದ ಹತ್ತಿರ, ಕೃಷ್ಣೆಗೆ ಅಣೆಕಟ್ಟನ್ನು ಕಟ್ಟಿದ ಮೇಲೆ ಅದರ ಹಿನ್ನೀರು ಇಲ್ಲಿಯವರೆಗೂ ಹಬ್ಬಿತು. ಐಕ್ಯಸ್ಥಳವು ನೀರಿನಲ್ಲಿ ಮುಳುಗಬಾರದೆಂದು ಅದರ ಸುತ್ತಲೂ ಬಾವಿಯ ಆಕಾರದ ದುಂಡು ಗೋಡೆಯನ್ನು ಎಬ್ಬಿಸಿ, ದಡದಿಂದ ಅಲ್ಲಿಗೆ ಸೇತುವೆಯನ್ನು ಹಾಕಿದ್ದಾರೆ. ಯಾತ್ರಿಕರು ಸೇತುವೆಯ ಮೇಲೆ ನಡೆದುಹೋಗಿ, ಮೆಟ್ಟಿಲುಗಳನ್ನು ಇಳಿದು, ಒಣಗಿದ ನೆಲದ ಮೇಲೆ ನಿಂತು ದರ್ಶನ ಪಡೆಯುತ್ತಾರೆ. ಗೋಡೆಯ ಆಚೆ ನೀರು, ಈಚೆ ನಾವು.

ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರವನ್ನು ಪಾಠ ಹೇಳುವ ನಾನು ಕಳೆದ ಚಳಿಗಾಲದಲ್ಲಿ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗಿದ್ದೆನು. ಮೇಲೆ ಬಂದ ಮೇಲೆ ಅವರನ್ನು ಕೇಳಿದೆನು: "ಈ ಕಟ್ಟಡದ ವಿಷಯದಲ್ಲಿ ನಿಮಗೆ ತಿಳಿದದ್ದೇನು?"

ಒಬ್ಬನು ತಟ್ಟನೆ, "ಭಾಳ ಗಟ್ಟಿ ಕಟ್ಯಾರ್ರೀ ಸರ್" ಎಂದನು. ಇನ್ನೊಬ್ಬಳು ಸ್ವಲ್ಪ ಯೋಚಿಸಿ ಹೇಳಿದಳು: "ಆಳ ಒಂದು ಮೀಟರ್ ಹೆಚ್ಚಾದರೆ ನೀರಿನ ಒತ್ತಡ ಸುಮಾರು 9.8 ಕಿಲೋಪಾಸ್ಕಲ್ ಹೆಚ್ಚಾಗತೈತ್ರಿ. ಗೋಡೆ ನೆಟ್ಟಗಿದ್ದರ ಒಳಗ ಬಾಗಿ ಒಂದು ಮೈ ಬಿರುಕು ಬಿಡತಿತ್ತು. ದುಂಡಗ ಕಟ್ಟಿದ್ದಕ್ಕ ಸುತ್ತಲಿನ ನೀರು ಗೋಡೀನ ಬರೇ ಅದುಮತೈತಿ. ಕಾಂಕ್ರೀಟು ಅದುಮೋದನ್ನ ತಡಕೋತೈತಿ, ಎಳೆಯೋದನ್ನ ತಡಕೊಳ್ಳಂಗಿಲ್ಲ."

ಇಬ್ಬರೂ ಒಂದೇ ಕಟ್ಟಡವನ್ನು ಹೊಗಳಿದರು. ಆದರೆ ಮೊದಲನೆಯ ಉತ್ತರವು ಬರಿಯ ವಿಶೇಷಣ, ಎರಡನೆಯದು ಸಾಕ್ಷ್ಯ. ಮೊದಲನೆಯದನ್ನು ಕೇಳಿದವನು ನಂಬಬೇಕು, ಇಲ್ಲವೆ ಬಿಡಬೇಕು. ಎರಡನೆಯದನ್ನು ಕೇಳಿದವನು ಪರೀಕ್ಷಿಸಬಹುದು. ಇಂದಿನ ಲೇಖನದ ವಿಷಯವೆಲ್ಲವೂ ಈ ಭೇದದಲ್ಲಿಯೇ ಅಡಗಿದೆ. ಇಂಜಿನಿಯರಿಂಗ್ ಉದ್ಯೋಗಕ್ಕಾಗಿ ನಡೆಯುವ ವ್ಯವಸ್ಥಿತ ಸಂದರ್ಶನದಲ್ಲಿ ಅಭ್ಯರ್ಥಿಯಿಂದ ಕೇಳುವುದು ವಿಶೇಷಣವನ್ನಲ್ಲ, ಸಾಕ್ಷ್ಯವನ್ನು. ನಮ್ಮ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇದನ್ನು ತಿಳಿಯದೆ ಹೋಗಿ, ತಮ್ಮ ಬಳಿ ಸಾಕ್ಷ್ಯವಿದ್ದರೂ ವಿಶೇಷಣಗಳನ್ನೇ ಒಪ್ಪಿಸಿ ಬರುತ್ತಾರೆ.

ವ್ಯವಸ್ಥಿತ ಸಂದರ್ಶನ ಎಂದರೇನು?

ಸಂದರ್ಶನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮೇಜಿನಾಚೆ ಕುಳಿತ ನಾಲ್ವರು ಹಿರಿಯರು, ಅವರಿಗೆ ತೋಚಿದ ಪ್ರಶ್ನೆಗಳು. ಒಬ್ಬ ಅಭ್ಯರ್ಥಿಗೆ ಊರು ಯಾವುದೆಂದು ಕೇಳಿ ಬಿಡಬಹುದು; ಮತ್ತೊಬ್ಬನಿಗೆ ಉಷ್ಣಗತಿಶಾಸ್ತ್ರದ ಎರಡನೆಯ ನಿಯಮವನ್ನು ಕೇಳಬಹುದು. ಕೊನೆಯಲ್ಲಿ ಇಬ್ಬರನ್ನೂ ಹೋಲಿಸುತ್ತಾರೆ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಹೀಗೆ ಮಾಡಿದರೆ ನಾವು ಒಪ್ಪುತ್ತೇವೆಯೆ? ಒಂದು ತಂತಿಯ ಉದ್ದವನ್ನು ಅಡಿಕೋಲಿನಿಂದಲೂ ಇನ್ನೊಂದರ ಉದ್ದವನ್ನು ಗೇಣಿನಿಂದಲೂ ಅಳೆದು, ಯಾವುದು ಉದ್ದ ಎಂದು ತೀರ್ಪು ಕೊಟ್ಟಂತಾಯಿತು.

ವ್ಯವಸ್ಥಿತ ಸಂದರ್ಶನವು ಈ ದೋಷವನ್ನು ನೀಗಿಸಲು ಹುಟ್ಟಿದ ಕ್ರಮ. ಇದರ ಲಕ್ಷಣಗಳು ನಾಲ್ಕು. ಮೊದಲನೆಯದಾಗಿ, ಆ ಉದ್ಯೋಗಕ್ಕೆ ಯಾವ ಗುಣಗಳು ಬೇಕೆಂಬುದನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳುತ್ತಾರೆ. ಎರಡನೆಯದಾಗಿ, ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳನ್ನು ಅದೇ ಅನುಕ್ರಮದಲ್ಲಿ ಕೇಳುತ್ತಾರೆ. ಮೂರನೆಯದಾಗಿ, ಉತ್ತರಗಳಿಗೆ ಅಂಕ ಕೊಡುವ ಮಾನದಂಡವನ್ನು ಮೊದಲೇ ಬರೆದಿಟ್ಟುಕೊಂಡಿರುತ್ತಾರೆ. ನಾಲ್ಕನೆಯದಾಗಿ, ಸಂದರ್ಶಕರಲ್ಲಿ ಪ್ರತಿಯೊಬ್ಬನೂ ಇತರರೊಡನೆ ಮಾತನಾಡುವುದಕ್ಕೆ ಮೊದಲು ತನ್ನ ಅಂಕವನ್ನು ತಾನೇ ಬರೆಯುತ್ತಾನೆ.

ಇಂಥ ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು ಬಗೆ. "ನಿಮ್ಮ ಕೆಲಸದಲ್ಲಿ ತಪ್ಪು ಸಂಭವಿಸಿದ ಒಂದು ಸಂದರ್ಭವನ್ನು ಹೇಳಿ, ಆಗ ನೀವು ಏನು ಮಾಡಿದಿರಿ?" ಎಂಬುದು ನಡೆದುಹೋದ ನಡವಳಿಕೆಯನ್ನು ಕುರಿತದ್ದು. "ಇಂಥ ಸಂದರ್ಭ ಒದಗಿದರೆ ಏನು ಮಾಡುವಿರಿ?" ಎಂಬುದು ಊಹಿಸಿದ ಸನ್ನಿವೇಶವನ್ನು ಕುರಿತದ್ದು. ಎರಡನೆಯ ಬಗೆಯನ್ನು 1980ರಲ್ಲಿ ಲೇಥಮ್ ಮತ್ತು ಅವರ ಸಂಗಡಿಗರೂ, ಮೊದಲನೆಯ ಬಗೆಯನ್ನು 1982ರಲ್ಲಿ ಜಾಂಜ್ ಎಂಬುವರೂ ಕ್ರಮಬದ್ಧವಾಗಿ ಪರೀಕ್ಷಿಸಿದರು. ನಡೆದ ನಡವಳಿಕೆಯನ್ನು ಕೇಳುವುದಕ್ಕೆ ಆಧಾರವಾದ ತತ್ತ್ವವು ಸರಳವಾದದ್ದು: ಮನುಷ್ಯನು ಮುಂದೆ ಹೇಗೆ ನಡೆದಾನೆಂಬುದಕ್ಕೆ, ಅಂಥದೇ ಸಂದರ್ಭದಲ್ಲಿ ಅವನು ಹಿಂದೆ ನಡೆದ ರೀತಿಯು ಒಳ್ಳೆಯ ಸೂಚನೆ.

ವಿಮಾನ ಚಾಲಕರಿಂದ ಕಲಿತ ಪಾಠ

ಈ ವಿಧಾನದ ಬೇರು ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗುತ್ತದೆ. ಅಮೆರಿಕದ ಸೈನ್ಯದಲ್ಲಿ ವಿಮಾನ ಹಾರಿಸುವ ತರಬೇತಿಗೆ ಸೇರಿದ್ದವರಲ್ಲಿ ಅನೇಕರು ಅನುತ್ತೀರ್ಣರಾಗುತ್ತಿದ್ದರು. 1941ರಲ್ಲಿ ಹಾಗೆ ಕೈಬಿಟ್ಟ ಸಾವಿರ ಮಂದಿಯ ಕಾಗದಪತ್ರಗಳನ್ನು ಮನಶ್ಶಾಸ್ತ್ರಜ್ಞರು ತೆರೆದು ನೋಡಿದರು. ಅವುಗಳಲ್ಲಿ ಕಾಣಿಸಿಕೊಂಡ ಕಾರಣಗಳು ಬಹುಮಟ್ಟಿಗೆ ಸವೆದ ಮಾತುಗಳಾಗಿದ್ದವು: ವಿವೇಚನೆ ಸಾಲದು, ಹುಟ್ಟುಗುಣವಿಲ್ಲ, ಸ್ವಭಾವ ಹೊಂದುವುದಿಲ್ಲ. ಇವುಗಳಿಂದ ಮುಂದಿನ ಅಭ್ಯರ್ಥಿಗಳನ್ನು ಆರಿಸುವುದಕ್ಕೆ ಏನೂ ಪ್ರಯೋಜನವಾಗಲಿಲ್ಲ. ಆದುದರಿಂದ ಜಾನ್ ಫ್ಲ್ಯಾನಗನ್ ಮತ್ತು ಅವರ ಸಂಗಡಿಗರು ಅಭಿಪ್ರಾಯಗಳನ್ನು ಬಿಟ್ಟು, ನಿಜವಾಗಿ ನಡೆದ ಘಟನೆಗಳನ್ನು ಕೇಳತೊಡಗಿದರು: ಏನಾಯಿತು, ಆ ಮನುಷ್ಯನು ಏನು ಮಾಡಿದನು, ಅದರಿಂದ ಏನಾಯಿತು? ಈ ವಿಧಾನವನ್ನು ಫ್ಲ್ಯಾನಗನ್ ಅವರು 1954ರಲ್ಲಿ ವಿಸ್ತಾರವಾದ ಲೇಖನವಾಗಿ ಪ್ರಕಟಿಸಿದರು. ಇಂದು ನಿಮ್ಮನ್ನು "ಒಂದು ಸಂದರ್ಭವನ್ನು ಹೇಳಿ" ಎಂದು ಕೇಳುವ ಪ್ರಶ್ನೆಯ ಅಜ್ಜನು ಇವನೇ.

ಅಂಕ ಕೊಡುವ ಮಾನದಂಡಕ್ಕೂ ಹೀಗೆಯೇ ಒಂದು ಚರಿತ್ರೆಯುಂಟು. 1963ರಲ್ಲಿ ಸ್ಮಿತ್ ಮತ್ತು ಕೆಂಡಾಲ್ ಎಂಬ ಇಬ್ಬರು ವಿದ್ವಾಂಸರು "ಉತ್ತಮ", "ಮಧ್ಯಮ" ಎಂಬ ಬರಿಯ ಮಾತುಗಳಿಗೆ ಬದಲಾಗಿ, ಮಾನದಂಡದ ಒಂದೊಂದು ಮೆಟ್ಟಿಲಿಗೂ ಒಂದೊಂದು ನಡವಳಿಕೆಯ ಉದಾಹರಣೆಯನ್ನು ಕಟ್ಟುವ ಕ್ರಮವನ್ನು ತೋರಿಸಿದರು. ತಪ್ಪನ್ನು ಒಪ್ಪಿಕೊಳ್ಳುವ ಗುಣಕ್ಕೆ 5 ಅಂಕಗಳೆಂದು ಇಟ್ಟುಕೊಳ್ಳೋಣ. ತಪ್ಪನ್ನು ಇತರರ ಮೇಲೆ ಹೊರಿಸಿದವನಿಗೆ 1. ಕೇಳಿದಾಗ ಒಪ್ಪಿಕೊಂಡವನಿಗೆ 3. ಯಾರೂ ಕೇಳುವ ಮೊದಲೇ ತಿಳಿಸಿ, ಸರಿಪಡಿಸಿ, ಅದು ಮತ್ತೆ ಆಗದಂತೆ ಕೆಲಸದ ಕ್ರಮವನ್ನೇ ಬದಲಾಯಿಸಿದವನಿಗೆ 5. ಈಗ ನೋಡಿ: "ನಾನು ಬಹಳ ಪ್ರಾಮಾಣಿಕ" ಎಂದು ಹೇಳಿದವನಿಗೆ ಈ ಮಾನದಂಡದಲ್ಲಿ ಎಷ್ಟು ಅಂಕ? ಅವನನ್ನು ಯಾವ ಮೆಟ್ಟಿಲಿನ ಮೇಲೂ ನಿಲ್ಲಿಸಲಾಗದು. ಸಂದರ್ಶಕರ ಕಾಗದದಲ್ಲಿ ಆ ಸ್ಥಳವು ಬರಿದಾಗಿಯೇ ಉಳಿಯುತ್ತದೆ.

ಈ ಅಳತೆ ಎಷ್ಟು ನಂಬಿಕೆಗೆ ಅರ್ಹ?

ಯಾವ ಉಪಕರಣವನ್ನಾಗಲಿ ಬಳಸುವ ಮುನ್ನ ಅದರ ದೋಷವೆಷ್ಟೆಂಬುದನ್ನು ತಿಳಿಯತಕ್ಕದ್ದು. ಸಂದರ್ಶನದಲ್ಲಿ ಪಡೆದ ಅಂಕಕ್ಕೂ ಮುಂದೆ ಉದ್ಯೋಗದಲ್ಲಿ ಮಾಡಿದ ಕೆಲಸಕ್ಕೂ ಇರುವ ಹೊಂದಿಕೆಯನ್ನು ಸಹಸಂಬಂಧಾಂಕ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಹೊಂದಿಕೆಯೇ ಇಲ್ಲದಿದ್ದರೆ ಅದು 0, ಸಂಪೂರ್ಣವಾಗಿದ್ದರೆ 1. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಶ್ಮಿಟ್ ಮತ್ತು ಹಂಟರ್ ಅವರು ವ್ಯವಸ್ಥಿತ ಸಂದರ್ಶನಕ್ಕೆ 0.51 ಎಂದೂ, ಕ್ರಮವಿಲ್ಲದ ಸಂದರ್ಶನಕ್ಕೆ 0.38 ಎಂದೂ ಲೆಕ್ಕಹಾಕಿದರು. 2022ರಲ್ಲಿ ಸ್ಯಾಕೆಟ್ ಮತ್ತು ಅವರ ಸಂಗಡಿಗರು ಹಿಂದಿನ ಲೆಕ್ಕದ ತಿದ್ದುಪಡಿಗಳು ಅತಿಯಾದವೆಂದು ತೋರಿಸಿ, ಅವುಗಳನ್ನು ಕ್ರಮವಾಗಿ 0.42 ಮತ್ತು 0.19ಕ್ಕೆ ಇಳಿಸಿದರು. ಆದರೂ ಅವರು ಹೋಲಿಸಿದ ಆಯ್ಕೆಯ ವಿಧಾನಗಳಲ್ಲೆಲ್ಲ ವ್ಯವಸ್ಥಿತ ಸಂದರ್ಶನವೇ ಮೊದಲನೆಯ ಸ್ಥಾನದಲ್ಲಿ ನಿಂತಿತು.

ಇದರಿಂದ ಎರಡು ಮಾತುಗಳನ್ನು ಗ್ರಹಿಸಬೇಕು. ಕ್ರಮವಿಲ್ಲದ ಹರಟೆಗಿಂತ ಈ ಸಂದರ್ಶನವು ಅಭ್ಯರ್ಥಿಗೆ ಹೆಚ್ಚು ನ್ಯಾಯ ದೊರಕಿಸುತ್ತದೆ. ಹಳ್ಳಿಯಿಂದ ಬಂದವನಿಗೆ, ಪರಿಚಯಸ್ಥರಿಲ್ಲದವನಿಗೆ ಇದು ಶತ್ರುವಲ್ಲ, ಮಿತ್ರ. ಎರಡನೆಯದು, 0.42ರ ವರ್ಗವು ಸುಮಾರು 0.18. ಅಂದರೆ, ಕೆಲಸಗಾರರ ನಡುವಣ ವ್ಯತ್ಯಾಸದಲ್ಲಿ ನೂರಕ್ಕೆ ಹದಿನೆಂಟರಷ್ಟನ್ನು ಮಾತ್ರ ಈ ಅಳತೆಯು ಹೇಳಬಲ್ಲುದು. ಉಳಿದದ್ದನ್ನು ಅದು ಕಾಣದು. ಆದ್ದರಿಂದ ಒಂದು ಸಂದರ್ಶನದಲ್ಲಿ ಆಯ್ಕೆಯಾಗದಿದ್ದರೆ, ಅದು ನಿಮ್ಮ ಯೋಗ್ಯತೆಯ ಮೇಲೆ ಕೊಟ್ಟ ತೀರ್ಪೆಂದು ಭಾವಿಸಕೂಡದು. ಅದು ದೋಷವುಳ್ಳ ಉಪಕರಣದ ಒಂದು ಓದು ಮಾತ್ರ.

ನಾನು ಮಾಡಿದ ತಪ್ಪು

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ಮೂವರು ಗೆಳೆಯರೊಡನೆ ಕೊನೆಯ ವರ್ಷದ ಯೋಜನೆಯಾಗಿ ಹೊಲಗಾಲುವೆಯ ನೀರಿನ ಹರಿವನ್ನು ಅಳೆಯುತ್ತಿದ್ದನು. ಕಾಲುವೆಗೆ ಅಡ್ಡಲಾಗಿ ತಗಡಿನ ಫಲಕವನ್ನು ನಿಲ್ಲಿಸಿ, ಅದರಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಲಂಬಕೋನದ ಕಚ್ಚನ್ನು ಕೊರೆದಿದ್ದರು. ಕಚ್ಚಿನ ತಳದಿಂದ ನೀರಿನ ಮಟ್ಟಕ್ಕೆ ಇರುವ ಎತ್ತರವನ್ನು ಅಳೆದರೆ, ಹರಿವು ಆ ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾಗಿರುತ್ತದೆ. ಲೆಕ್ಕವನ್ನು ಪರೀಕ್ಷಿಸಲು ಕಚ್ಚಿನಿಂದ ಬೀಳುವ ನೀರನ್ನು 200 ಲೀಟರಿನ ಪೀಪಾಯಿಗೆ ಹಿಡಿದರು. ಲೆಕ್ಕದ ಪ್ರಕಾರ 52 ಸೆಕೆಂಡುಗಳಲ್ಲಿ ತುಂಬಬೇಕಾಗಿದ್ದ ಪೀಪಾಯಿ 46 ಸೆಕೆಂಡುಗಳಲ್ಲಿಯೇ ತುಂಬಿತು.

ಕಾರಣವು ಹೀಗಿತ್ತು. ನೀರು ಕಚ್ಚನ್ನು ಸಮೀಪಿಸಿದಂತೆ ಅದರ ಮೇಲ್ಮೈ ಕೆಳಕ್ಕೆ ಬಾಗುತ್ತದೆ. ಆದುದರಿಂದ ಎತ್ತರವನ್ನು ಫಲಕದ ಬಳಿಯಲ್ಲಿ ಅಳೆಯದೆ, ಪ್ರವಾಹದ ಮೇಲುಗಡೆ, ಆ ಎತ್ತರದ ಮೂರು ನಾಲ್ಕು ಪಟ್ಟು ದೂರದಲ್ಲಿ ಅಳೆಯಬೇಕು. ಇವರ ಅಳತೆಪಟ್ಟಿಯು ಫಲಕಕ್ಕೇ ಅಂಟಿಕೊಂಡಿತ್ತು. 100 ಮಿಲಿಮೀಟರ್ ಇರುವೆಡೆ 95 ಎಂದು ತೋರಿಸುತ್ತಿತ್ತು. ಎತ್ತರದಲ್ಲಿ ನೂರಕ್ಕೆ 5ರ ತಪ್ಪು, ಹರಿವಿನಲ್ಲಿ ನೂರಕ್ಕೆ 12ರ ತಪ್ಪಾಗಿ ಬೆಳೆದಿತ್ತು. ಪಟ್ಟಿಯನ್ನು ಅಲ್ಲಿ ನಿಲ್ಲಿಸಿದವನು ಈ ವಿದ್ಯಾರ್ಥಿಯೇ. ಅವನಿಗೆ ಸಂಶಯ ಬಂದ ಮೇಲೆಯೂ ಎರಡು ದಿನ ನಾಚಿಕೆಯಿಂದ ಸುಮ್ಮನಿದ್ದನು. ಮೂರನೆಯ ದಿನ ಗೆಳೆಯರಿಗೆ ತಿಳಿಸಿ, ಪಟ್ಟಿಯನ್ನು ಸರಿಸಿ, ಎಲ್ಲ ಅಳತೆಗಳನ್ನೂ ಮತ್ತೆ ತೆಗೆದನು.

ಸಂದರ್ಶನಕ್ಕೆ ಮೊದಲು ಅವನು ಇದನ್ನು ನನಗೆ ಹೇಳಿದಾಗ, ನಾನು ಅದನ್ನು "ತಿದ್ದಿ" ಕೊಟ್ಟೆನು. "ನಮ್ಮ ಉಪಕರಣದಲ್ಲಿ ದೋಷವಿತ್ತು, ನಾನು ಅದನ್ನು ಕಂಡುಹಿಡಿದೆನು" ಎಂದು ಹೇಳುವಂತೆ ಬಾಯಿಪಾಠ ಮಾಡಿಸಿದೆನು. ಅವನ ಹಿತಕ್ಕಾಗಿಯೇ ಹೀಗೆ ಮಾಡುತ್ತಿದ್ದೇನೆಂದು ನಂಬಿದ್ದೆನು. ಸಂದರ್ಶಕರು ಉತ್ತರವನ್ನು ಪೂರ್ತಿ ಕೇಳಿ, ಒಂದೇ ಒಂದು ಪ್ರಶ್ನೆಯನ್ನು ಹಾಕಿದರು: "ಅಳತೆಪಟ್ಟಿಯನ್ನು ಅಲ್ಲಿ ನಿಲ್ಲಿಸಿದವರು ಯಾರು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವೆಲ್ಲರೂ" ಎಂದನು. "ಅದರಲ್ಲಿ ನಿಮ್ಮ ಪಾಲು ಯಾವುದು?" ಎಂದು ಮತ್ತೆ ಕೇಳಿದರು. ಉತ್ತರ ಹೊರಡಲಿಲ್ಲ.

ಆ ಸಂಜೆ ಅವನು ನನಗೆ ಹೇಳಿದ ಮಾತನ್ನು ನಾನು ಮರೆತಿಲ್ಲ: "ಸುಳ್ಳ ಹೇಳಬೇಕಂತ ಹೋಗಿರಲಿಲ್ರೀ ಸರ್. ಆದರ ನೀವು ಬರದು ಕೊಟ್ಟಿದ್ದರಾಗ ಖರೆ ಹೇಳಾಕ ಜಾಗಾನ ಉಳಿದಿರಲಿಲ್ಲ."

ಅವನ ಘಟನೆಯಲ್ಲಿ ಅತ್ಯಂತ ಬೆಲೆಬಾಳುವ ಭಾಗವನ್ನೇ ನಾನು ಕತ್ತರಿಸಿ ಎಸೆದಿದ್ದೆನು. ತಪ್ಪು ಮಾಡದ ಇಂಜಿನಿಯರನ್ನು ಯಾವ ಸಂಸ್ಥೆಯೂ ಹುಡುಕುವುದಿಲ್ಲ; ಅಂಥವನು ಇಲ್ಲವೆಂದು ಅವರಿಗೆ ಗೊತ್ತು. ತಪ್ಪು ಸೇತುವೆಯಾಗಿಯೋ ಯಂತ್ರವಾಗಿಯೋ ನಿಲ್ಲುವ ಮೊದಲು ಅದನ್ನು ಬಾಯಿಬಿಟ್ಟು ಹೇಳುವವನನ್ನು ಅವರು ಹುಡುಕುತ್ತಾರೆ.

ಉತ್ತರದ ನಾಲ್ಕು ಅಂಗಗಳು

ಅನಂತರ ನಾವಿಬ್ಬರೂ ಕುಳಿತು ಆ ಉತ್ತರವನ್ನು ಹೊಸದಾಗಿ ಕಟ್ಟಿದೆವು. ಘಟನೆಯನ್ನು ಹೇಳುವುದಕ್ಕೆ ರೂಢಿಯಲ್ಲಿರುವ ನಾಲ್ಕು ಅಂಗಗಳು ಇವು: ಸಂದರ್ಭ, ಹೊಣೆ, ಕ್ರಿಯೆ, ಫಲ. ಇವು ಪ್ರಯೋಗದ ದಾಖಲೆ ಪುಸ್ತಕದ ಉದ್ದೇಶ, ಉಪಕರಣ, ವಿಧಾನ, ಫಲಿತಾಂಶಗಳಿಗೆ ಬಹುಮಟ್ಟಿಗೆ ಸಮಾನವಾಗಿವೆ. ಹೊಸದಾಗಿ ಕಟ್ಟಿದ ಉತ್ತರವು ಹೀಗಿತ್ತು:

"ನಾಲ್ವರು ಸೇರಿ ಹೊಲಗಾಲುವೆಯ ಹರಿವನ್ನು ಅಳೆಯುತ್ತಿದ್ದೆವು. ಅಳತೆಪಟ್ಟಿಯನ್ನು ನಿಲ್ಲಿಸಿ ಎತ್ತರವನ್ನು ಓದುವುದು ನನ್ನ ಹೊಣೆ. 52 ಸೆಕೆಂಡುಗಳಲ್ಲಿ ತುಂಬಬೇಕಾದ ಪೀಪಾಯಿ 46 ಸೆಕೆಂಡುಗಳಲ್ಲಿ ತುಂಬಿತು. ಪಟ್ಟಿಯನ್ನು ಕಚ್ಚಿಗೆ ತೀರ ಸಮೀಪದಲ್ಲಿ ನಿಲ್ಲಿಸಿದ್ದೇನೆಂದು ನನಗೆ ಸಂಶಯವಾಯಿತು. ಎರಡು ದಿನ ಹೇಳಲಿಲ್ಲ; ಅದು ತಪ್ಪು. ಮೂರನೆಯ ದಿನ ಗೆಳೆಯರಿಗೆ ತಿಳಿಸಿ, ಪಟ್ಟಿಯನ್ನು 40 ಸೆಂಟಿಮೀಟರ್ ಮೇಲಕ್ಕೆ ಸರಿಸಿದೆನು. ಎರಡು ಲೆಕ್ಕಗಳೂ ಕೂಡಿಬಂದವು. ಹಳೆಯ ಅಳತೆಗಳನ್ನು ಹೊಡೆದುಹಾಕಿ ಎಲ್ಲವನ್ನೂ ಮತ್ತೆ ತೆಗೆದೆವು. ಆ ಮೇಲೆ ಯಾವ ಉಪಕರಣವನ್ನೂ ಒಬ್ಬನೇ ನಿಲ್ಲಿಸದೆ, ಇನ್ನೊಬ್ಬನಿಂದ ನೋಡಿಸಿ ಸಹಿ ಮಾಡಿಸುವ ಪದ್ಧತಿಯನ್ನು ಇಟ್ಟುಕೊಂಡೆವು."

ಇದನ್ನು ಹೇಳಲು ಎರಡು ನಿಮಿಷ ಸಾಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಕ್ರಿಯೆಗೆ ಸಲ್ಲಬೇಕು. ಈಗ ಸಂದರ್ಶಕರು ಎಷ್ಟು ಆಳಕ್ಕೆ ಅಗೆದರೂ ಕೆಳಗೆ ಗಟ್ಟಿ ನೆಲವೇ ಸಿಕ್ಕುವುದು. ಮುಂದಿನ ಸಂದರ್ಶನದಲ್ಲಿ ಅವನು ಆಯ್ಕೆಯಾದನು. ಆದರೆ ಉತ್ತರವನ್ನು ಬದಲಾಯಿಸಿದ್ದರಿಂದಲೇ ಹಾಗಾಯಿತೆಂದು ನಾನು ಹೇಳಲಾರೆನು. ಒಂದೇ ಪ್ರಯೋಗದಿಂದ ನಿಯಮವು ಸಿದ್ಧವಾಗದು. ಅವನು ಆ ದಿನ ನೆಮ್ಮದಿಯಿಂದ ಮಾತನಾಡಿದನೆಂಬುದನ್ನು ಮಾತ್ರ ಹೇಳಬಲ್ಲೆನು.

ಸಿದ್ಧತೆಯ ಕ್ರಮ

ಮೊದಲು ಉದ್ಯೋಗದ ಪ್ರಕಟಣೆಯನ್ನು ಎದುರಿಗಿಟ್ಟುಕೊಂಡು, ಆ ಕೆಲಸಕ್ಕೆ ಬೇಕಾದ ಐದಾರು ಗುಣಗಳನ್ನು ಬರೆಯಿರಿ. ಇತರರೊಡನೆ ಸೇರಿ ದುಡಿಯುವುದು, ಕಷ್ಟವಾದ ಸಮಸ್ಯೆಯನ್ನು ಬಿಡಿಸುವುದು, ಅವಧಿಯೊಳಗೆ ಮುಗಿಸುವುದು, ಭಿನ್ನಾಭಿಪ್ರಾಯವನ್ನು ನಿಭಾಯಿಸುವುದು, ತಪ್ಪಿನಿಂದ ಕಲಿಯುವುದು, ಸುರಕ್ಷತೆಯನ್ನು ಪಾಲಿಸುವುದು ಇವು ಸಾಮಾನ್ಯವಾಗಿ ಕಂಡುಬರುವಂಥವು.

ಎರಡನೆಯದಾಗಿ, ನಿಮ್ಮ ಜೀವನದಿಂದ ಎಂಟು ಹತ್ತು ಘಟನೆಗಳನ್ನು ಕಲೆಹಾಕಿರಿ. ಒಂದು ಹಾಳೆಯಲ್ಲಿ ಗುಣಗಳನ್ನು ಅಡ್ಡಸಾಲಿನಲ್ಲಿಯೂ ಘಟನೆಗಳನ್ನು ಉದ್ದಸಾಲಿನಲ್ಲಿಯೂ ಬರೆದು, ಯಾವ ಘಟನೆಯು ಯಾವ ಗುಣಕ್ಕೆ ಸಾಕ್ಷಿಯಾಗಬಲ್ಲುದೆಂದು ಗುರುತು ಹಾಕಿರಿ. ಬರಿದಾಗಿ ಉಳಿದ ಕಂಬವು ನಿಮಗೆ ಇನ್ನೂ ಯೋಚಿಸಬೇಕಾದ ಸ್ಥಳವನ್ನು ತೋರಿಸುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. "ಹೇಳಿಕೊಳ್ಳುವಂಥಾದ್ದು ನನ್ನ ಕಡೆ ಏನೂ ಇಲ್ರೀ ಸರ್" ಎಂದು ಇಳಕಲ್ಲಿನ ವಿದ್ಯಾರ್ಥಿನಿಯೊಬ್ಬಳು ಕೂಡಲಸಂಗಮದ ಆ ದಿನವೇ ಹೇಳಿದಳು. ಅವಳ ಮನೆಯಲ್ಲಿ ಮಗ್ಗವಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಒಮ್ಮೆ ಕೊಂಡಿ ಹಾಕುವಾಗ ಕೊನೆಯಲ್ಲಿ ಎಳೆಗಳು ಹೆಚ್ಚುಕಡಿಮೆಯಾಗಿ ಉಳಿದವಂತೆ. ಅವಳು ಎರಡು ಕಡೆಯೂ ನೂರು ಎಳೆಗಳಿಗೆ ಒಂದರಂತೆ ಬಣ್ಣದ ದಾರವನ್ನು ಕಟ್ಟಿ ಎಣಿಸುತ್ತ ಬಂದು, ಎಲ್ಲಿ ತಪ್ಪಿದೆಯೆಂಬುದನ್ನು ಕಂಡುಹಿಡಿದಳು. ಅಂದಿನಿಂದ ಅವಳ ತಂದೆಯವರೂ ಹಾಗೆಯೇ ಗುರುತು ಕಟ್ಟುತ್ತಾರೆ. ಸಮಸ್ಯೆಯನ್ನು ಭಾಗಗಳಾಗಿ ಒಡೆದು ದೋಷದ ಸ್ಥಾನವನ್ನು ಗೊತ್ತುಮಾಡುವುದು ಇಂಜಿನಿಯರಿಂಗಿನ ಮೂಲಪಾಠ. ಅದು ಮಗ್ಗದ ಮನೆಯಲ್ಲಿ ನಡೆಯಿತೆಂಬ ಕಾರಣದಿಂದ ಅವಳು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೊಲ, ಅಂಗಡಿ, ಹಾಸ್ಟೆಲಿನ ಊಟದ ಸಮಿತಿ, ಊರ ಜಾತ್ರೆಯ ವ್ಯವಸ್ಥೆ, ಇವೆಲ್ಲವೂ ನಡವಳಿಕೆಯ ಸಾಕ್ಷ್ಯಗಳೇ.

ಮೂರನೆಯದಾಗಿ, ಪ್ರತಿಯೊಂದು ಘಟನೆಯನ್ನೂ ನಾಲ್ಕು ಅಂಗಗಳಲ್ಲಿ ಬರೆದು, ಸಾಧ್ಯವಿದ್ದ ಕಡೆ ಸಂಖ್ಯೆಯನ್ನು ಸೇರಿಸಿರಿ. "ಬೇಗ ಮುಗಿಸಿದೆವು" ಎನ್ನುವುದಕ್ಕಿಂತ "ಒಂಬತ್ತು ದಿನದ ಕೆಲಸವನ್ನು ಏಳು ದಿನಗಳಲ್ಲಿ ಮುಗಿಸಿದೆವು" ಎನ್ನುವುದು ಮೇಲು. ಸಂಖ್ಯೆ ಗೊತ್ತಿಲ್ಲದಿದ್ದರೆ ಹುಟ್ಟಿಸಬೇಡಿರಿ.

ನಾಲ್ಕನೆಯದಾಗಿ, "ನಾನು" ಮತ್ತು "ನಾವು" ಎಂಬ ಮಾತುಗಳನ್ನು ಬೇರ್ಪಡಿಸಿರಿ. ನಮ್ಮ ಮನೆಗಳಲ್ಲಿ "ನಾನು ನಾನು ಎನ್ನಬಾರದು" ಎಂದು ಹಿರಿಯರು ಕಲಿಸುತ್ತಾರೆ. ಅದು ಒಳ್ಳೆಯ ಶಿಕ್ಷಣವೇ. ಆದರೆ ಸಂದರ್ಶಕನು ಅಂಕ ಕೊಡಬೇಕಾದದ್ದು ತಂಡಕ್ಕಲ್ಲ, ನಿಮಗೆ. "ಮಾಡಿದೆವು" ಎಂಬ ಒಂದು ಕ್ರಿಯಾಪದದ ಹಿಂದೆ ನಾಲ್ವರೂ ಮರೆಯಾಗುತ್ತಾರೆ. ಗೆಳೆಯರ ಪಾಲನ್ನು ಗೆಳೆಯರಿಗೆ ಕೊಟ್ಟು, ನಿಮ್ಮ ಪಾಲನ್ನು ಮಾತ್ರ "ನಾನು" ಎಂದು ಹೇಳಿದರೆ ಅದು ಗರ್ವವಲ್ಲ, ನಿಖರತೆ.

ಐದನೆಯದು ಭಾಷೆಯ ವಿಷಯ. ಸಂದರ್ಶನವು ಬಹುಶಃ ಇಂಗ್ಲಿಷಿನಲ್ಲಿ ನಡೆಯುತ್ತದೆ. ಘಟನೆಯನ್ನು ಮೊದಲು ಕನ್ನಡದಲ್ಲಿಯೇ ಒಬ್ಬರಿಗೆ ಹೇಳಿರಿ, ಅನುಕ್ರಮವು ಸ್ಪಷ್ಟವಾಗಲಿ. ಆ ಮೇಲೆ ಅದನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲು ಅಭ್ಯಾಸ ಮಾಡಿರಿ. ಸರಳವಾದ ವಾಕ್ಯದಲ್ಲಿ ಹೇಳಿದ ನಿಜವು ಅಲಂಕಾರದ ವಾಕ್ಯದಲ್ಲಿ ಹೇಳಿದ ಪೊಳ್ಳಿಗಿಂತ ಹೆಚ್ಚು ಬೆಲೆಯುಳ್ಳದ್ದು.

ಆರನೆಯದಾಗಿ, ಬಾಯಿಪಾಠ ಮಾಡಕೂಡದು. ಗೆಳೆಯನೊಬ್ಬನನ್ನು ಎದುರಿಗೆ ಕೂರಿಸಿ, ಪ್ರತಿ ಉತ್ತರಕ್ಕೂ "ಯಾಕೆ?", "ಆಮೇಲೆ?", "ಈಗಾದರೆ ಬೇರೆ ಏನು ಮಾಡುತ್ತಿದ್ದೆ?" ಎಂಬ ಮೂರು ಪ್ರಶ್ನೆಗಳನ್ನು ಕೇಳಿಸಿಕೊಳ್ಳಿರಿ. ನಡೆದ ಘಟನೆಯು ಎಷ್ಟು ಪ್ರಶ್ನೆಗಳನ್ನಾದರೂ ತಡೆದೀತು. ಕಟ್ಟಿದ ಕಥೆಯು ಎರಡನೆಯದಕ್ಕೇ ಕುಸಿದೀತು.

ಸಂದರ್ಶನದ ದಿನ

ಪ್ರಶ್ನೆಯನ್ನು ಕೇಳಿದೊಡನೆಯೇ ಉತ್ತರಿಸಬೇಕೆಂಬ ನಿಯಮವಿಲ್ಲ. "ಒಂದು ಕ್ಷಣ ಯೋಚಿಸಬಹುದೆ?" ಎಂದು ಕೇಳುವುದು ಸಭ್ಯತೆಯೇ. ಪ್ರಶ್ನೆ ತಿಳಿಯದಿದ್ದರೆ ಮತ್ತೊಮ್ಮೆ ಹೇಳುವಂತೆ ವಿನಂತಿಸಿರಿ. ಕೇಳಿದಂಥ ಸಂದರ್ಭವು ನಿಮಗೆ ಒದಗಿಲ್ಲದಿದ್ದರೆ, "ಅಂಥದು ನನಗೆ ಒದಗಿಲ್ಲ, ಅದಕ್ಕೆ ಹತ್ತಿರವಾದ ಒಂದನ್ನು ಹೇಳಲೆ?" ಎಂದು ನೇರವಾಗಿ ಹೇಳಿರಿ. ಊಹಿಸಿದ ಸನ್ನಿವೇಶವನ್ನು ಕೊಟ್ಟರೆ, ಮೊದಲು ಏನನ್ನು ವಿಚಾರಿಸಿ ತಿಳಿದುಕೊಳ್ಳುವಿರಿ, ಯಾರಿಗೆ ತಿಳಿಸುವಿರಿ, ಯಾವ ಅಪಾಯವನ್ನು ಮೊದಲು ತಡೆಯುವಿರಿ ಎಂಬ ಅನುಕ್ರಮದಲ್ಲಿ ಯೋಚಿಸಿರಿ. ಸಂದರ್ಶಕರು ತಲೆಯೆತ್ತದೆ ಬರೆಯುತ್ತಿದ್ದರೆ ಅದನ್ನು ಅಸಡ್ಡೆಯೆಂದು ಎಣಿಸಬೇಡಿರಿ. ನಿಮ್ಮ ಸಾಕ್ಷ್ಯವನ್ನೇ ಅವರು ದಾಖಲೆ ಮಾಡಿಕೊಳ್ಳುತ್ತಿರುತ್ತಾರೆ.

ನಮ್ಮ ಸೀಮೆಯಲ್ಲಿ ಇಂಜಿನಿಯರಿಂಗ್ ಶಿಕ್ಷಣವು ಹೊಸದೇನಲ್ಲ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು 1963ರಲ್ಲಿ ಆರಂಭವಾಯಿತು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. ಆದರೂ ಇಂದಿಗೂ ಅನೇಕ ಮನೆಗಳಿಂದ ಮೊದಲನೆಯ ಪದವೀಧರನೇ ಸಂದರ್ಶನದ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅವನಿಗೆ ದಾರಿ ಹೇಳುವ ಅಣ್ಣನಿಲ್ಲ, ಅಕ್ಕನಿಲ್ಲ. ತನ್ನ ಬದುಕಿನಲ್ಲಿ ಹೇಳತಕ್ಕದ್ದೇನೂ ಇಲ್ಲವೆಂದುಕೊಂಡು ಇತರರ ಮಾತನ್ನು ಸಾಲ ತರುತ್ತಾನೆ. ಆ ಸಾಲವೇ ಅವನನ್ನು ಮುಳುಗಿಸುತ್ತದೆ. ಈ ಲೇಖನವು ಅವನಿಗಾಗಿ.

ಅಭ್ಯಾಸ

1. ಕಳೆದ ಎರಡು ವರ್ಷಗಳಲ್ಲಿ ನೀವು ಮಾಡಿದ ಒಂದು ತಪ್ಪನ್ನು ನಾಲ್ಕು ಅಂಗಗಳಲ್ಲಿ, ಹತ್ತು ವಾಕ್ಯ ಮೀರದಂತೆ ಬರೆಯಿರಿ. ಬರೆದಾದ ಮೇಲೆ ಅದರಲ್ಲಿರುವ ವಿಶೇಷಣಗಳನ್ನು ಹೊಡೆದುಹಾಕಿ. ಉಳಿದದ್ದು ಸಾಕ್ಷ್ಯ.

2. ಅದೇ ಘಟನೆಯಲ್ಲಿ "ನಾವು" ಎಂದು ಬಂದ ಕಡೆಯಲ್ಲೆಲ್ಲ ಯಾರು ಏನು ಮಾಡಿದರೆಂಬುದನ್ನು ಬಿಡಿಸಿ ಬರೆಯಿರಿ.

3. ಕಚ್ಚಿನ ಫಲಕದಲ್ಲಿ ಎತ್ತರವನ್ನು ನೂರಕ್ಕೆ 2ರಷ್ಟು ಕಡಿಮೆಯಾಗಿ ಓದಿದರೆ ಹರಿವಿನ ಲೆಕ್ಕದಲ್ಲಿ ಎಷ್ಟು ತಪ್ಪಾಗುವುದೆಂದು ಕಂಡುಹಿಡಿಯಿರಿ. (ಉತ್ತರ: ಸುಮಾರು ನೂರಕ್ಕೆ 5 ಕಡಿಮೆ.)

4. ಕೂಡಲಸಂಗಮಕ್ಕೆ ಹೋದಾಗ ದುಂಡು ಗೋಡೆಯ ಒಳಗೆ ಇಳಿದು ನಿಂತು, ಒಂದು ಪ್ರಶ್ನೆಯನ್ನು ಯೋಚಿಸಿರಿ: ಗೋಡೆಯನ್ನು ಹೊರಗಿನ ನೀರು ಅದುಮುತ್ತಿದೆ ಸರಿ, ನೀವು ನಿಂತಿರುವ ನೆಲವನ್ನು ಕೆಳಗಿನಿಂದ ಮೇಲಕ್ಕೆ ತಳ್ಳುತ್ತಿರುವುದು ಯಾವುದು, ಅದನ್ನು ತಡೆದು ಹಿಡಿದಿರುವುದು ಯಾವುದು? "ಗಟ್ಟಿಯಾಗಿ ಕಟ್ಟಿದ್ದಾರೆ" ಎಂಬ ಉತ್ತರಕ್ಕೆ ಅಂಕಗಳಿಲ್ಲ.